ಊರಿನ ಕಸುಬುಗಳ ಬಗ್ಗೆ ಪ್ರಾಸಪದ್ಯದ ಚಿತ್ರಪುಸ್ತಕ: ಹೇಗೆ ಬರೆಯುವುದು?

ಪ್ರಶ್ನೆ: ಎಲ್‌ಕೆಜಿ ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಕಲಿಸುತ್ತಿದ್ದೇನೆ. ‘ನಮ್ಮ ಸಹಾಯಕರು’ ಎಂಬ ಪಾಠಕ್ಕಾಗಿ ಪ್ರಾಸವಿರುವ ಚಿತ್ರಪುಸ್ತಕಗಳನ್ನು ಹುಡುಕಿದೆ. ಸಿಕ್ಕವುಗಳಲ್ಲಿ ಹೆಚ್ಚಿನವು ನಮ್ಮ ಮಕ್ಕಳು ಕಂಡಿರದ ಲೋಕದವು: ಕಂಬ ಹಿಡಿದು ಜಾರಿ ಇಳಿಯುವ ಅಗ್ನಿಶಾಮಕ, ಬಾಗಿಲ ಬಳಿ ಗಾಜಿನ ಬಾಟಲಿ ಇಟ್ಟು ಹೋಗುವ ಹಾಲಿನವನು. ನಮ್ಮೂರಿನಲ್ಲಿ ಹಾಲು ಡೇರಿಗೆ ಹೋಗುತ್ತದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಹಾಲಿನ ಫ್ಯಾಟ್ (ಕೊಬ್ಬಿನಂಶ) ನೋಡಿಸುವುದನ್ನು ಮಕ್ಕಳು ದಿನವೂ ಕಾಣುತ್ತಾರೆ. ಆದ್ದರಿಂದ ನಾನೇ ಒಂದು ಪುಸ್ತಕ ಮಾಡಬೇಕೆಂದಿದ್ದೇನೆ. ಯಾವ ಕಸುಬುಗಳನ್ನು ಆರಿಸಿಕೊಳ್ಳಬೇಕು, ಒಂದು ಪುಟಕ್ಕೆ ಎಷ್ಟು ಸಾಲು ಸಾಕು, ಪ್ರಾಸವನ್ನು ಬಲವಂತವಾಗಿ ತುರುಕಿದಂತೆ ಕಾಣದ ಹಾಗೆ ಬರೆಯುವುದು ಹೇಗೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮಕ್ಕಳ ಪದ್ಯ ಬರೆಯುವವರು, ಧಾರವಾಡ

ಮೇಡಂ, ಮೊದಲು ಪ್ರಾಸದ ಮಾತು. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ‘ಬರುತ್ತಾರೆ, ತರುತ್ತಾರೆ, ಕೊಡುತ್ತಾರೆ’ ಎಂದು ಎಷ್ಟು ಪುಟ ಬೇಕಾದರೂ ಪ್ರಾಸ ತನಗೆ ತಾನೇ ಹೊಂದಿಕೊಂಡು ಹೋಗುತ್ತದೆ. ಅದು ಪ್ರಾಸವಲ್ಲ, ಪ್ರತ್ಯಯ. ಮೂರನೆಯ ಪುಟಕ್ಕೆ ಮಗುವಿನ ಕಿವಿಗೆ ಬೇಸರ ಬರುತ್ತದೆ, ಓದುವವರಿಗೆ ಎರಡನೆಯ ಪುಟದಲ್ಲೇ. ಹಳೆಯ ಕಾವ್ಯದ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಿಯಮ, ಇಲ್ಲಿ ಬೇಡ. ಅಂತ್ಯಪ್ರಾಸ ಸಾಕು, ಆದರೆ ಅದು ನಾಮಪದದ ಮೇಲೋ ಅನುಕರಣೆಯ ಶಬ್ದದ ಮೇಲೋ ನಿಲ್ಲಲಿ. ನಾಲ್ಕು ನಾಲ್ಕು ಮಾತ್ರೆಯ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ನಡೆ ಚಪ್ಪಾಳೆಗೆ ಚೆನ್ನಾಗಿ ಒಗ್ಗುತ್ತದೆ. ಉದಾಹರಣೆಗೆ ಇದೀಗ ಕಟ್ಟಿದ್ದು:

ಕೋಳಿಯ ಕೂಗಿಗೆ ಎದ್ದರು ಯಾರು?
ಬೀದಿಯ ನಲ್ಲಿಗೆ ಬಿಟ್ಟರು ನೀರು!
ವಾಲ್ವನು ತಿರುಗಿಸಿ ಗರಗರ ಗರ,
ಕೊಡದೊಳಗಿಳಿಯಿತು ನೀರಿನ ಸರ.

ಈ ಪುಟದಲ್ಲಿ ವಾಲ್ವಿನ ಮೇಲಿನ ಎರಡು ಕೈಗಳನ್ನು ಮಾತ್ರ ಬರೆಸಿ. ಮಕ್ಕಳು ‘ನೀರುಗಂಟಿ!’ ಎಂದು ಕೂಗಿದ ಮೇಲೆ ಪುಟ ತಿರುಗಿಸಿದರೆ ಇಡೀ ಮನುಷ್ಯರು ಕಾಣಲಿ. ಪದ್ಯ ಒಗಟಾದರೆ ಕಸುಬಿನ ಹೆಸರನ್ನು ನೀವು ಹೇಳಿಕೊಡಬೇಕಾಗಿಲ್ಲ, ಮಕ್ಕಳೇ ಹೇಳುತ್ತಾರೆ. ನಾಲ್ಕು ಸಾಲಿಗಿಂತ ಹೆಚ್ಚು ಬೇಡ.

ಉತ್ತರ 2: ನಿವೃತ್ತ ಮುಖ್ಯಶಿಕ್ಷಕ, ಹಾವೇರಿ

ಪದ್ಯ ಸೊಗಸಾಗಿದೆ. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರ ‘ನೀರುಗಂಟಿ’ ಎಂಬ ಹೆಸರೇ ಇಂದು ಪಂಚಾಯಿತಿಯ ನಲ್ಲಿ ನೀರು ಬಿಡುವವರಿಗೂ ಉಳಿದುಕೊಂಡಿದೆ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ವಿಷಯ. ಆದರೆ ‘-ತ್ತಾರೆ’ಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಸರ್. ತರಗತಿಗಳಲ್ಲಿ ಬಹುಕಾಲದಿಂದ ಹೇಳಿಸುತ್ತಾ ಬಂದಿರುವ ಸಾಲುಗಳನ್ನು ಗಮನಿಸಿ: ವೈದ್ಯರು ಔಷಧಿ ಕೊಡುತ್ತಾರೆ, ಶಿಕ್ಷಕರು ಪಾಠ ಹೇಳುತ್ತಾರೆ, ಆದರೆ ಅಗಸ ಬಟ್ಟೆ ಒಗೆಯುತ್ತಾನೆ, ಕುಂಬಾರ ಮಡಕೆ ಮಾಡುತ್ತಾನೆ. ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬುದನ್ನು ಮಗು ಅಕ್ಷರ ಕಲಿಯುವ ಮೊದಲೇ ಕಲಿತುಬಿಡುತ್ತದೆ. ಎಲ್ಲ ಪುಟಗಳಲ್ಲೂ ಬಹುವಚನವಿರಲಿ. ಅದರಿಂದ ಇನ್ನೊಂದು ಅನುಕೂಲವೂ ಇದೆ: ‘ಟಿಕೆಟ್ ಕೊಡುತ್ತಾರೆ’ ಎಂದು ಬರೆದರೆ ಚಿತ್ರದಲ್ಲಿ ನಿರ್ವಾಹಕಿಯನ್ನೂ ಬರೆಯಬಹುದು, ನಿರ್ವಾಹಕನನ್ನೂ ಬರೆಯಬಹುದು.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ಕುಂಬಾರ, ಕಮ್ಮಾರ, ಅಗಸ, ಬಡಿಗ ಎಂಬವು ನಮ್ಮಲ್ಲಿ ಕಸುಬಿನ ಹೆಸರುಗಳಷ್ಟೇ ಅಲ್ಲ, ಜಾತಿಯ ಹೆಸರುಗಳೂ ಹೌದು. ತರಗತಿಯಲ್ಲಿ ಆ ಮನೆತನದ ಮಗು ಇದ್ದೇ ಇರುತ್ತದೆ. ಬೆಳಿಗ್ಗೆ ಕಲಿಸಿದ ಪದ್ಯ ಮಧ್ಯಾಹ್ನದ ಊಟದ ಸಾಲಿನಲ್ಲಿ ಅಣಕವಾಗಲು ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಹೆಸರನ್ನು ಬಿಟ್ಟು ಕೆಲಸವನ್ನು ವರ್ಣಿಸುವುದು ಮೇಲು: ತಿರುಗುವ ಚಕ್ರ, ಒದ್ದೆ ಮಣ್ಣು, ಮೇಲೇಳುವ ಮಡಕೆಯ ಕಂಠ. ಪೌರಕಾರ್ಮಿಕರ ಪುಟವಿದ್ದರೆ ಕೈಗವಸು, ಬೂಟು, ಹಸಿ ಕಸ ಒಣ ಕಸದ ಬೇರೆ ಬೇರೆ ಡಬ್ಬಗಳು ಚಿತ್ರದಲ್ಲಿರಲಿ. ಮ್ಯಾನ್‌ಹೋಲಿಗೆ ಇಳಿಯುವ ಚಿತ್ರ ಖಂಡಿತ ಬೇಡ. ಮಲಹೊರುವ ಪದ್ಧತಿಯನ್ನೂ ರಕ್ಷಣಾ ಸಲಕರಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಸೆಪ್ಟೆಂಬರ್ 23ರಂದು ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ ಆಚರಿಸುತ್ತಾರೆ. ಆ ವಾರ ಈ ಪುಟ ತೆಗೆದರೆ ಸಂದರ್ಭಕ್ಕೂ ಹೊಂದುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸರ್, ಜಾತಿಸೂಚಕ ಹೆಸರಿನ ವಿಚಾರ ನನಗೆ ಹೊಳೆದೇ ಇರಲಿಲ್ಲ. ನೀರುಗಂಟಿ, ಆಶಾ ಕಾರ್ಯಕರ್ತೆ, ಪವರ್‌ಮ್ಯಾನ್, ಬಸ್ಸಿನ ನಿರ್ವಾಹಕಿ, ಅಂಚೆಯವರು, ಡೇರಿಯಲ್ಲಿ ಹಾಲು ಅಳೆಯುವವರು, ಬಿಸಿಯೂಟದ ಅಡುಗೆಯವರು, ಇಷ್ಟನ್ನು ಸದ್ಯಕ್ಕೆ ಗುರುತು ಹಾಕಿಕೊಂಡಿದ್ದೇನೆ. ಚಿತ್ರ ಬರೆಸುವ ಖರ್ಚೇ ಈಗ ತೊಡಕಾಗಿದೆ.

ಉತ್ತರ 3: ಅಂಗನವಾಡಿ ಕಾರ್ಯಕರ್ತೆ, ಮೈಸೂರು ಜಿಲ್ಲೆ

ಅಕ್ಕ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ 2015ರಿಂದ ಇದೆ. ಅಲ್ಲಿನ ಚಿತ್ರಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಕಲಾವಿದರ ಹೆಸರು ನಮೂದಿಸಿ, ನಿಮ್ಮ ಸಾಲುಗಳನ್ನು ಸೇರಿಸಿಕೊಂಡು ಪುಸ್ತಕ ಮಾಡಿಕೊಳ್ಳಬಹುದು. ಆದರೆ ನೀರುಗಂಟಿಯ ಕೈ, ಫ್ಯಾಟ್ ನೋಡುವ ಯಂತ್ರ ಇವೆಲ್ಲ ಅಲ್ಲಿ ಸಿಗುತ್ತವೆಂದು ನೆಚ್ಚಿಕೊಳ್ಳಬೇಡಿ. ಅಂಥ ಪುಟಗಳಿಗೆ ಅವರವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಫೋಟೊ ತೆಗೆದು, ಡ್ರಾಯಿಂಗ್ ಹಾಳೆಗೆ ಅಂಟಿಸುವುದು ಸುಲಭ. ಚಿತ್ರ ದೊಡ್ಡದಾಗಿರಬೇಕು, ಅರ್ಧ ವೃತ್ತದಲ್ಲಿ ಕುಳಿತ ಕೊನೆಯ ಮಗುವಿಗೂ ಕಾಣುವಂತಿರಬೇಕು.

ಅಗ್ನಿಶಾಮಕದವರನ್ನು ಮಾತ್ರ ಪೂರ್ತಿ ಕೈಬಿಡಬೇಡಿ ಎಂದು ನನ್ನ ಕೋರಿಕೆ. ಮಕ್ಕಳು ಅವರನ್ನು ಕಂಡಿರದಿದ್ದರೂ ತುರ್ತು ಕರೆಯ 112 ಎಂಬ ಸಂಖ್ಯೆಯನ್ನು ನೆನಪಿನಲ್ಲಿ ಉಳಿಸಲು ಪ್ರಾಸದಷ್ಟು ಒಳ್ಳೆಯ ಉಪಾಯ ಬೇರೆಯಿಲ್ಲ. ‘ಒಂದು ಒಂದು ಎರಡು, ಬೆಂಕಿ ನಂದಿಸಿ ಹೊರಡು’ ಎಂದು ನಾನು ಹೇಳಿಸುತ್ತೇನೆ. ಮೇಲಿನ ಸರ್ ಹೇಳಿದಂತೆ ನೋಡಿದರೆ ‘ಹೊರಡು’ ಏಕವಚನವಾಗಿಬಿಟ್ಟಿದೆ! ಧಾರವಾಡದವರು ಇದನ್ನು ತಿದ್ದಿಕೊಟ್ಟರೆ ನಾಳೆಯಿಂದಲೇ ಹೊಸದನ್ನು ಹೇಳಿಸುತ್ತೇನೆ.

ಉತ್ತರ 4: ಮಕ್ಕಳ ಪದ್ಯ ಬರೆಯುವವರು, ಧಾರವಾಡ

‘ಒಂದು ಒಂದು ಎರಡು, ಬೆಂಕಿಯಣ್ಣ ಹೊರಡು’ ಎಂದು ಮಾಡಿಬಿಡಿ. ಬೆಂಕಿಗೆ ಏಕವಚನ ಸಲ್ಲುತ್ತದೆ.