ಒಂದೇ ಮನೆಗೆ ಮೂರು ಲೆಕ್ಕ: ವಾರ್ಷಿಕ ಇಂಗಾಲದ ಹೆಜ್ಜೆಗುರುತನ್ನು ಅಂದಾಜು ಮಾಡುವುದು ಹೇಗೆ?

ಪ್ರಶ್ನೆ: ಮನೆಲೆಕ್ಕ

ನಮ್ಮದು ನಾಲ್ವರ ಸಂಸಾರ. ಮನೆಯ ಒಂದು ವರ್ಷದ ಇಂಗಾಲದ ಹೆಜ್ಜೆಗುರುತು (ನಮ್ಮ ಬಳಕೆಯಿಂದಾಗಿ ಗಾಳಿ ಸೇರುವ, ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಒಟ್ಟು ತೂಕ) ಎಷ್ಟೆಂದು ತಿಳಿಯುವ ಉದ್ದೇಶದಿಂದ ಅಂತರ್ಜಾಲದಲ್ಲಿ ಸಿಗುವ ಮೂರು ಕ್ಯಾಲ್ಕುಲೇಟರ್‌ಗಳಿಗೆ ಒಂದೇ ಮಾಹಿತಿಯನ್ನು ಕೊಟ್ಟು ನೋಡಿದೆ. ಮೊದಲನೆಯದು 5 ಟನ್ ಚಿಲ್ಲರೆ ಎಂದಿತು, ಎರಡನೆಯದು 11 ಟನ್ ಎಂದಿತು, ಮೂರನೆಯದು 2.8 ಟನ್‌ಗೆ ನಿಂತಿತು. ಹೀಗಾದರೆ ಯಾವುದನ್ನು ನಂಬಬೇಕು ಎಂಬುದೇ ತಿಳಿಯದಾಗಿದೆ.

ನಾನು ಕೊಟ್ಟ ಅಂಕಿಗಳು ಇವು. ವರ್ಷಕ್ಕೆ ವಿದ್ಯುತ್ 3,000 ಯೂನಿಟ್, ಅಡುಗೆಗೆ ಎಲ್‌ಪಿಜಿ 120 ಕಿಲೋ, ಕಾರಿಗೆ ಪೆಟ್ರೋಲ್ 700 ಲೀಟರ್. ಇದಲ್ಲದೆ ಮನೆಯ ಇಬ್ಬರು 2,000 ಕಿಲೋಮೀಟರ್ ದೂರದ ಊರಿಗೆ ಒಮ್ಮೆ ವಿಮಾನದಲ್ಲಿ ಹೋಗಿಬಂದಿದ್ದಾರೆ. ನಮಗೆ ಬರುವ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನದು. ಸ್ನಾನದ ನೀರಿಗೆ ವಿದ್ಯುತ್ ಗೀಸರ್ ಇದೆ, ಒಂದು ಎಸಿಯೂ ಇದೆ.

ಊಟ, ಬಟ್ಟೆ, ಮನೆಸಾಮಾನುಗಳನ್ನೆಲ್ಲ ದಿನದಿನವೂ ಬರೆದಿಡಬೇಕೇ? ಕಡಿಮೆ ಮಾಡುವ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು? ಗಿಡ ನೆಡುವ ಯೋಜನೆಗೆ ಹಣ ಕೊಟ್ಟು ಲೆಕ್ಕ ಸರಿದೂಗಿಸಿಕೊಳ್ಳುವುದು ಸರಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಗುಣಾಂಕ

ನಮಸ್ಕಾರ. ನಿಮ್ಮ ಮೂರು ಉತ್ತರಗಳಲ್ಲಿ ಜಗಳವೇನೂ ಇಲ್ಲ. ಎರಡನೆಯ ಉತ್ತರವಾದ 11 ಟನ್ನನ್ನು ನಾಲ್ಕರಿಂದ ಭಾಗಿಸಿ ನೋಡಿ, 2.75 ಬರುತ್ತದೆ. ಅಂದರೆ ಮೂರನೆಯ ಕ್ಯಾಲ್ಕುಲೇಟರ್ ಇಡೀ ಮನೆಯ ಲೆಕ್ಕವನ್ನು ತಲಾವಾರು ಹಂಚಿ ತೋರಿಸಿರಬೇಕು. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರವು ಲೆಕ್ಕದ ಗಡಿಯನ್ನು ಎಲ್ಲಿ ಎಳೆದಿದ್ದಾರೆ ಎಂಬುದರಿಂದ ಹುಟ್ಟಿದ್ದು.

ಮೊದಲನೆಯದನ್ನು ನೀವೇ ಕಾಗದದ ಮೇಲೆ ಮಾಡಬಹುದು. ಕಲ್ಲಿದ್ದಲಿನಿಂದ ತಯಾರಾಗುವ ವಿದ್ಯುತ್ತಿನ ಒಂದು ಯೂನಿಟ್‌ಗೆ ಸುಮಾರು 0.9ರಿಂದ 1 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಲವಿದ್ಯುತ್ತು, ಸೌರ, ಪವನ ಮತ್ತು ಪರಮಾಣು ವಿದ್ಯುತ್ತುಗಳು ಬೆರೆತಷ್ಟೂ ಸರಾಸರಿ ಇಳಿಯುತ್ತದೆ. ಕಲ್ಲಿದ್ದಲೇ ಮುಖ್ಯವಾಗಿರುವ ನಿಮ್ಮ ಗ್ರಿಡ್‌ಗೆ, ಎಂದರೆ ವಿದ್ಯುತ್ ಜಾಲಕ್ಕೆ, ಯೂನಿಟ್‌ಗೆ 0.7 ಕಿಲೋ ಎಂಬ ಗುಣಾಂಕ ಹಿಡಿದರೆ 3,000 ಯೂನಿಟ್‌ಗೆ 2,100 ಕಿಲೋ ಆಗುತ್ತದೆ. ಎಲ್‌ಪಿಜಿಗೆ ಕಿಲೋಗೆ 3ರಂತೆ 360 ಕಿಲೋ, ಪೆಟ್ರೋಲಿಗೆ ಲೀಟರಿಗೆ 2.3ರಂತೆ 1,610 ಕಿಲೋ. ವಿಮಾನಯಾನದಲ್ಲಿ ಇಬ್ಬರ ಹೋಗಿಬರುವ ದಾರಿ ಒಟ್ಟು 8,000 ಪ್ರಯಾಣಿಕ-ಕಿಲೋಮೀಟರ್, ಕಿಲೋಮೀಟರಿಗೆ 150 ಗ್ರಾಂ ಎಂದರೆ 1,200 ಕಿಲೋ. ಕೂಡಿಸಿದರೆ 5,270 ಕಿಲೋ. ಇದೇ ನಿಮ್ಮ 5 ಟನ್ ಚಿಲ್ಲರೆ.

ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲಿನಿಂದ ಎರಡು ಕಿಲೋಗೂ ಮಿಕ್ಕಿದ ಅನಿಲ ಹೇಗೆ ಬರುತ್ತದೆ ಎಂದು ಹಲವರು ಅನುಮಾನಪಡುತ್ತಾರೆ. ಆ ಮುಕ್ಕಾಲು ಕಿಲೋದಲ್ಲಿ ಸುಮಾರು 640 ಗ್ರಾಂ ಇಂಗಾಲವಿದೆ. ಉರಿಯುವಾಗ 12 ತೂಕದ ಪ್ರತಿ ಇಂಗಾಲದ ಪರಮಾಣುವೂ 16 ತೂಕದ ಎರಡು ಆಮ್ಲಜನಕದ ಪರಮಾಣುಗಳನ್ನು ಗಾಳಿಯಿಂದ ಸೇರಿಸಿಕೊಂಡು 44 ತೂಕದ ಅಣುವಾಗುತ್ತದೆ. ತೂಕ ಹೆಚ್ಚುವುದು ಈ ಆಮ್ಲಜನಕದಿಂದ.

ಎರಡನೆಯ ಕ್ಯಾಲ್ಕುಲೇಟರ್ ಇಷ್ಟಕ್ಕೇ ನಿಲ್ಲದೆ, ಕಚ್ಚಾತೈಲವನ್ನು ಹೊರತೆಗೆದು ಸಂಸ್ಕರಿಸಿ ಸಾಗಿಸುವ ಹಂತಗಳನ್ನೂ, ನಾಲ್ವರ ಆಹಾರವನ್ನೂ, ಕೊಂಡ ವಸ್ತುಗಳ ತಯಾರಿಕೆಯನ್ನೂ ಸೇರಿಸಿದೆ. ವಿಮಾನದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಎತ್ತರದಲ್ಲಿ ವಿಮಾನ ಬಿಟ್ಟುಹೋಗುವ ಆವಿಯ ಗೆರೆಗಳು ಮತ್ತು ನೈಟ್ರೋಜನ್ ಆಕ್ಸೈಡ್‌ಗಳೂ ಭೂಮಿಯನ್ನು ಬಿಸಿ ಮಾಡುವುದರಿಂದ, ಕೆಲವು ಕ್ಯಾಲ್ಕುಲೇಟರ್‌ಗಳು ಆ ಒಂದು ಸಾಲನ್ನು ಸುಮಾರು ಎರಡರಿಂದ ಗುಣಿಸುತ್ತವೆ, ಕೆಲವು ಗುಣಿಸುವುದಿಲ್ಲ. ಈ ಒಂದು ನಿರ್ಧಾರದಿಂದಲೇ ನಿಮ್ಮ ಮೊತ್ತ ಒಂದು ಟನ್ನಿಗೂ ಹೆಚ್ಚು ಏರಿಳಿಯುತ್ತದೆ.

ವಸ್ತುಗಳ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ಬಹುತೇಕ ಕ್ಯಾಲ್ಕುಲೇಟರ್‌ಗಳು ನೀವು ಖರ್ಚು ಮಾಡಿದ ಹಣವನ್ನೇ ಒಂದು ಸರಾಸರಿಯಿಂದ ಗುಣಿಸಿ ಹೊರಸೂಸುವಿಕೆ ಎನ್ನುತ್ತವೆ. ಹತ್ತು ವರ್ಷ ಬಾಳುವ ದುಬಾರಿ ಕುರ್ಚಿಯನ್ನು ಕೊಂಡವನು ಆ ವರ್ಷ ಎರಡೇ ವರ್ಷದಲ್ಲಿ ಮುರಿಯುವ ಅಗ್ಗದ ಕುರ್ಚಿ ಕೊಂಡವನಿಗಿಂತ ದೊಡ್ಡ ಮಾಲಿನ್ಯಕಾರನಾಗಿ ಕಾಣುವುದು ಇದೇ ಕಾರಣಕ್ಕೆ. ಆದ್ದರಿಂದ ವಸ್ತುಗಳ ಸಾಲನ್ನು ಒಂದು ಸ್ಥೂಲ ಸರಾಸರಿಯಾಗಿ ಬರೆದಿಟ್ಟು, ಮೀಟರ್ ಮತ್ತು ಬಿಲ್ಲುಗಳಿಂದ ಬರುವ ನಾಲ್ಕು ಸಾಲುಗಳ ಮೇಲೆ ಗಮನವಿಡಿ. ಪ್ರತಿವರ್ಷ ಅದೇ ಗಡಿ, ಅದೇ ವಿಧಾನವನ್ನು ಉಳಿಸಿಕೊಂಡರೆ ನಿಮ್ಮ ಈ ವರ್ಷವನ್ನು ನಿಮ್ಮದೇ ಹೋದ ವರ್ಷದೊಂದಿಗೆ ಹೋಲಿಸಬಹುದು. ಇನ್ನೊಬ್ಬರ ಕ್ಯಾಲ್ಕುಲೇಟರಿನೊಂದಿಗೆ ಹೋಲಿಸುವುದರಿಂದ ಪ್ರಯೋಜನ ಕಡಿಮೆ.

ಉತ್ತರ: ತಂಪುಯಂತ್ರ

ಮೇಲಿನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಪ್ರಶ್ನೆ ಕೇಳಿದವರು ಎಸಿ ಇದೆ ಎಂದಿದ್ದಾರೆ. ಅದು ಬಳಸುವ ವಿದ್ಯುತ್ತು ಯೂನಿಟ್‌ಗಳಲ್ಲಿ ಬಂದಿದೆ, ಆದರೆ ಅದರೊಳಗಿನ ಗ್ಯಾಸ್ ಎಲ್ಲಿಯೂ ಬಂದಿಲ್ಲ.

ಒಂದು ಅನಿಲವು ನೂರು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಹೆಚ್ಚು ಬಿಸಿ ಮಾಡುತ್ತದೆ ಎಂಬ ಅಳತೆಯಲ್ಲಿ, ಎಸಿಗಳಲ್ಲಿ ವ್ಯಾಪಕವಾಗಿರುವ ಆರ್-410ಎ ಗ್ಯಾಸಿನ ಮೌಲ್ಯ 2,088. ಹಳೆಯ ಆರ್-22 ಗ್ಯಾಸಿನದು 1,810, ಜೊತೆಗೆ ಅದು ಓಝೋನ್ ಪದರಕ್ಕೂ ಹಾನಿಕರ. ಈಚಿನ ಅನೇಕ ಯಂತ್ರಗಳಲ್ಲಿರುವ ಆರ್-32ರದು 675. ಆರ್-290 ಎಂದು ಕರೆಯುವ ಪ್ರೊಪೇನಿನದು ತೀರ ಅಲ್ಪ, ಒಂದಂಕಿಯದು. ಆರ್-410ಎ, ಆರ್-32ರಂಥ ಹೈಡ್ರೋಫ್ಲೋರೋಕಾರ್ಬನ್‌ಗಳನ್ನು ಹಂತಹಂತವಾಗಿ ಇಳಿಸಲೆಂದೇ 2016ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು.

ಎಸಿಯ ಕೊಳವೆ ವ್ಯವಸ್ಥೆ ಪೂರ್ತಿ ಮುಚ್ಚಿದ್ದು. ಅದರಲ್ಲಿ ಗ್ಯಾಸ್ "ಖರ್ಚಾಗುವುದಿಲ್ಲ". ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕದೆ ಬೇಸಿಗೆ ಬಂದಾಗಲೆಲ್ಲ ಗ್ಯಾಸ್ ತುಂಬಿಸುವುದು ನಮ್ಮ ಕಸುಬಿನಲ್ಲಿ ತೀರ ಸಾಮಾನ್ಯವಾಗಿಬಿಟ್ಟಿದೆ. 600 ಗ್ರಾಂ ಆರ್-410ಎ ಸೋರಿದರೂ 1,250 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದು ನಿಮ್ಮ ಇಡೀ ವರ್ಷದ ಅಡುಗೆ ಗ್ಯಾಸಿನ ಮೂರು ಪಟ್ಟಿಗಿಂತ ಹೆಚ್ಚು. ಹೊರಗಿನ ಘಟಕಕ್ಕೆ ಅಂಟಿಸಿರುವ ಚೀಟಿಯಲ್ಲಿ ಗ್ಯಾಸಿನ ಹೆಸರೂ ತೂಕವೂ ಅಚ್ಚಾಗಿರುತ್ತವೆ. ಅದನ್ನು ನೋಡಿ, ಕಳೆದ ವರ್ಷ ತುಂಬಿಸಿದ್ದರೆ ಎಷ್ಟು ತುಂಬಿಸಿದರೆಂಬುದನ್ನು ಲೆಕ್ಕಕ್ಕೆ ಸೇರಿಸಿ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಗ್ಯಾಸನ್ನು ಸಿಲಿಂಡರಿಗೆ ಹಿಂತೆಗೆಸಿ. ಕೊಳವೆಯನ್ನು ಕತ್ತರಿಸಿ ಗಾಳಿಗೆ ಬಿಡಲು ಯಾರಿಗೂ ಅವಕಾಶ ಕೊಡಬೇಡಿ.

ಉತ್ತರ: ನಿಧಾನಿ

ಅಂದಾಜಿನ ಮಾತು ಮೇಲಿನವರು ಆಡಿದ್ದಾರೆ. ಕಡಿಮೆ ಮಾಡುವ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಗೀಸರಿನಿಂದ ಶುರು ಮಾಡಿ. ನೂರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಭೌತಶಾಸ್ತ್ರದ ಪ್ರಕಾರವೇ 2.9 ಯೂನಿಟ್ ಬೇಕು, ವಿದ್ಯುತ್ತಿನಿಂದಲೇ ನೇರವಾಗಿ ಕಾಯಿಸುವ ಗೀಸರು ಯಾವ ಕಂಪನಿಯದಾದರೂ ಇದಕ್ಕಿಂತ ಕಡಿಮೆಯಲ್ಲಿ ಆಗದು. ನಾಲ್ವರ ಮನೆಯಲ್ಲಿ ದಿನಕ್ಕೆ ಅಷ್ಟು ಬಿಸಿನೀರು ಖರ್ಚಾಗುತ್ತದೆ ಎಂದುಕೊಂಡರೆ ವರ್ಷಕ್ಕೆ ಸುಮಾರು 1,060 ಯೂನಿಟ್, ಎಂದರೆ ನಿಮ್ಮ ವಿದ್ಯುತ್ ಬಳಕೆಯ ಮೂರನೆಯ ಒಂದು ಪಾಲಿಗೂ ಮಿಗಿಲು. ಸುತ್ತಲಿನ ಗಾಳಿಯ ಶಾಖವನ್ನೇ ಎಳೆದುಕೊಳ್ಳುವ ಹೀಟ್ ಪಂಪ್ ಗೀಸರ್ ಅದೇ ಕೆಲಸವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ ಮಾಡುವುದರಿಂದ, ನಿಮ್ಮ ಗ್ರಿಡ್‌ನಲ್ಲಿ ವರ್ಷಕ್ಕೆ ಅರ್ಧ ಟನ್ ಉಳಿಯುತ್ತದೆ. ಚೆನ್ನಾಗಿ ಬಿಸಿಲು ಬೀಳುವ ಚಾವಣಿ ಇದ್ದರೆ ಸೌರ ಜಲತಾಪಕ ಇನ್ನೂ ಉತ್ತಮ. ಇವೆರಡೂ ಸದ್ಯಕ್ಕೆ ಆಗದಿದ್ದರೆ ನೀರು ಕಡಿಮೆ ಸುರಿಸುವ ಷವರ್ ಹಾಕಿಸಿ, ಗೀಸರಿನ ಉಷ್ಣತೆಯನ್ನು ತುಸು ತಗ್ಗಿಸಿ.

ಅಡುಗೆಯ ವಿಷಯದಲ್ಲಿ ಆತುರ ಬೇಡ. ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋಗುವುದೇ ಪರಿಸರಸ್ನೇಹಿ ಎಂಬ ಮಾತು ಎಲ್ಲ ಗ್ರಿಡ್‌ಗಳಿಗೂ ಹೊಂದುವುದಿಲ್ಲ. 120 ಕಿಲೋ ಎಲ್‌ಪಿಜಿಯಲ್ಲಿ ಸುಮಾರು 1,500 ಯೂನಿಟ್‌ನಷ್ಟು ಶಾಖವಿದ್ದರೂ ಪಾತ್ರೆಗೆ ತಲುಪುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇಂಡಕ್ಷನ್ ಒಲೆ ಅಷ್ಟೇ ಕೆಲಸಕ್ಕೆ ಸುಮಾರು 1,000 ಯೂನಿಟ್ ಕೇಳುತ್ತದೆ. ನಿಮ್ಮ 0.7ರ ಗುಣಾಂಕದಲ್ಲಿ ಅದು 700 ಕಿಲೋ, ಈಗಿನ 360ರ ಹತ್ತಿರಹತ್ತಿರ ದುಪ್ಪಟ್ಟು. ಅದೇ ಮನೆ ಜಲವಿದ್ಯುತ್ತಿನ ಗ್ರಿಡ್‌ನಲ್ಲಿದ್ದು ಗುಣಾಂಕ 0.1ಕ್ಕಿಂತ ಕೆಳಗಿದ್ದರೆ 100 ಕಿಲೋ ಕೂಡ ಆಗದು. ಅಡುಗೆಮನೆಯ ಹೊಗೆ ಮತ್ತು ಆರೋಗ್ಯದ ದೃಷ್ಟಿಯಿಂದ ಇಂಡಕ್ಷನ್ ಒಲೆಗೆ ಬೇರೆ ಸಮರ್ಥನೆಗಳಿವೆ, ಅದು ಬೇರೆ ಮಾತು.

ಕಾರಿಗೂ ಇದೇ ರೀತಿಯ ಲೆಕ್ಕ ಅನ್ವಯಿಸುತ್ತದೆ. ನಿಮ್ಮ 700 ಲೀಟರಿಗೆ ಸುಮಾರು 10,000 ಕಿಲೋಮೀಟರ್ ಓಡಾಟ ಎಂದು ಹಿಡಿಯೋಣ. ತೈಲ ಸಂಸ್ಕರಣೆಯ ಪಾಲನ್ನೂ ಸೇರಿಸಿದರೆ ಪೆಟ್ರೋಲ್ ಕಾರಿನದು 1,900 ಕಿಲೋ ದಾಟುತ್ತದೆ. ವಿದ್ಯುತ್ ಕಾರಿಗೆ ಚಾರ್ಜಿಂಗ್ ನಷ್ಟವೂ ಸೇರಿ 1,800 ಯೂನಿಟ್ ಬೇಕೆಂದರೆ ನಿಮ್ಮಲ್ಲಿ 1,260 ಕಿಲೋ, ಶುದ್ಧ ಗ್ರಿಡ್‌ನಲ್ಲಿ 180 ಕಿಲೋ. ಬ್ಯಾಟರಿಯ ತಯಾರಿಕೆಯಿಂದಾಗುವ ಹೆಚ್ಚುವರಿ ಹೊರೆಯನ್ನು 3 ಟನ್ ಎಂದುಕೊಂಡರೆ ಆ ಹೊರೆ ತೀರಲು ನಿಮ್ಮಲ್ಲಿ ನಾಲ್ಕೂವರೆ ವರ್ಷ ಹಿಡಿಯುತ್ತದೆ, ಶುದ್ಧ ಗ್ರಿಡ್‌ನಲ್ಲಿ ಎರಡು ವರ್ಷದೊಳಗೇ ತೀರುತ್ತದೆ. ಆದ್ದರಿಂದ ಚೆನ್ನಾಗಿ ಓಡುತ್ತಿರುವ ಕಾರನ್ನು ಇಂದೇ ಮಾರಬೇಕಿಲ್ಲ. ಹೇಗೂ ಬದಲಿಸಬೇಕಾದ ವರ್ಷ ಬಂದಾಗ ಮತ್ತೆ ಪೆಟ್ರೋಲಿನದನ್ನು ಕೊಳ್ಳಬೇಡಿ. ಅಲ್ಲಿಯವರೆಗೆ ಓಡಾಟವನ್ನು ತಗ್ಗಿಸುವುದೇ ಉಳಿತಾಯ. ವಿಮಾನದ ಬದಲು ರೈಲಿನಲ್ಲಿ ಹೋಗಲು ಸಾಧ್ಯವಾದರೆ ಆ ಒಂದು ತೀರ್ಮಾನದಿಂದ ಉಳಿಯುವಷ್ಟನ್ನು ಮನೆಯ ದೀಪಗಳನ್ನೆಲ್ಲ ವರ್ಷವಿಡೀ ಆರಿಸಿಟ್ಟರೂ ಉಳಿಸಲಾಗದು.

ಆಹಾರವನ್ನು ಗ್ರಾಂ ಲೆಕ್ಕದಲ್ಲಿ ಬರೆಯುವ ಅಗತ್ಯವಿಲ್ಲ, ಹಾಗೆಂದು ಕೈಬಿಡುವುದೂ ತಪ್ಪು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವು 119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿಯನ್ನು ಒಟ್ಟುಗೂಡಿಸಿತ್ತು. ಅದರಂತೆ 100 ಗ್ರಾಂ ಪ್ರೋಟೀನಿಗೆ, ಮಾಂಸಕ್ಕಾಗಿಯೇ ಸಾಕಿದ ದನದ ಮಾಂಸದಿಂದ ಸರಾಸರಿ 50 ಕಿಲೋ, ಬಟಾಣಿಯಿಂದ 0.4 ಕಿಲೋ ಹೊರಸೂಸುವಿಕೆಯಾಗುತ್ತದೆ. ಆಹಾರದ ಒಟ್ಟು ಹೊರಸೂಸುವಿಕೆಯಲ್ಲಿ ಸಾಗಣೆಯ ಪಾಲು ಕೇವಲ ನೂರಕ್ಕೆ 6ರಷ್ಟು. ಏನು ತಿನ್ನುತ್ತೇವೆ ಮತ್ತು ಎಷ್ಟನ್ನು ಚೆಲ್ಲುತ್ತೇವೆ ಎಂಬುದು ಅದು ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಮುಖ್ಯ. ಚೆಲ್ಲಿದ್ದು ಕಸದ ಗುಡ್ಡೆಯೊಳಗೆ ಗಾಳಿಯಾಡದೆ ಕೊಳೆತು ಮೀಥೇನ್ ಆಗುತ್ತದೆ, ಅದರ ಒಂದು ಕಿಲೋಗೆ 27 ಕಿಲೋ ಇಂಗಾಲದ ಡೈಆಕ್ಸೈಡ್‌ನ ಲೆಕ್ಕ.

ಗಿಡ ನೆಡುವ ಯೋಜನೆಗೆ ಧಾರಾಳವಾಗಿ ಹಣ ಕೊಡಿ, ಆದರೆ ಅದನ್ನು ಮೊತ್ತದಿಂದ ಕಳೆಯಬೇಡಿ. ಪೆಟ್ರೋಲಿನ ಹೊಗೆ ಇಂದೇ ಗಾಳಿ ಸೇರುತ್ತದೆ, ಗಿಡ ಅದನ್ನು ಹೀರಲು ದಶಕಗಳು ಬೇಕು, ನಡುವೆ ಒಂದು ಕಾಳ್ಗಿಚ್ಚು ಬಿದ್ದರೆ ಎಲ್ಲವೂ ಮರಳಿ ಗಾಳಿಗೇ.

ಪ್ರತಿಕ್ರಿಯೆ: ಮನೆಲೆಕ್ಕ

ಎಲ್ಲರಿಗೂ ಧನ್ಯವಾದಗಳು. ಎಸಿಯ ಹೊರಘಟಕದ ಚೀಟಿಯನ್ನು ನೋಡಿದೆ: ಆರ್-410ಎ, 0.95 ಕಿಲೋ. ಕಳೆದ ಬೇಸಿಗೆಯ ಬಿಲ್ಲಿನಲ್ಲಿ ತೂಕವಿಲ್ಲ, "ಗ್ಯಾಸ್ ಫುಲ್ ಚಾರ್ಜ್" ಎಂದಷ್ಟೇ ಬರೆದಿದ್ದಾರೆ. ಪೂರ್ತಿ ಖಾಲಿಯಾಗಿತ್ತೆಂದು ಹಿಡಿದರೆ ಸುಮಾರು 1,980 ಕಿಲೋ, ಅಂದರೆ ಪೆಟ್ರೋಲಿನ ಸಾಲನ್ನೂ ಹಿಂದಿಕ್ಕಿ ನೇರವಾಗಿ ವಿದ್ಯುತ್ತಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಯಾವ ಕ್ಯಾಲ್ಕುಲೇಟರೂ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಇನ್ನೊಂದು ಸಂದೇಹ. ಚಾವಣಿಯ ಮೇಲೆ ಸೌರಫಲಕ ಹಾಕಿಸುವ ಯೋಚನೆಯಿದೆ. ಹೆಚ್ಚಾಗಿ ಗ್ರಿಡ್‌ಗೆ ಹೋಗುವ ಯೂನಿಟ್‌ಗಳನ್ನು ನಮ್ಮ ಪೆಟ್ರೋಲಿನ ಲೆಕ್ಕದಿಂದ ಕಳೆಯಬಹುದೇ?

ಉತ್ತರ: ಗುಣಾಂಕ

ಕಳೆಯದಿರುವುದು ಒಳ್ಳೆಯದು. ಫಲಕದಿಂದ ಮನೆಯೇ ಬಳಸಿದ ಯೂನಿಟ್‌ಗಳು ಗ್ರಿಡ್‌ನಿಂದ ಪಡೆದ ಯೂನಿಟ್‌ಗಳನ್ನು ತಾವಾಗಿಯೇ ಇಳಿಸುತ್ತವೆ. ಆ ಲಾಭ ನಿಮ್ಮ ಲೆಕ್ಕದಲ್ಲಿ ಸಿಕ್ಕಿಯೇ ಸಿಗುತ್ತದೆ. ಫಲಕದ ತಯಾರಿಕೆಯ ಪಾಲು ಅದರ ಆಯುಷ್ಯದ ಉದ್ದಕ್ಕೂ ಹಂಚಿದಾಗ ಯೂನಿಟ್‌ಗೆ 40-50 ಗ್ರಾಂ ಆಸುಪಾಸು, ಅದನ್ನು ಬೇಕಿದ್ದರೆ ಸೇರಿಸಿ. ಹೊರಗೆ ಕೊಟ್ಟ ಯೂನಿಟ್‌ಗಳು ಇನ್ನೆಲ್ಲೋ ಕಲ್ಲಿದ್ದಲನ್ನು ಉಳಿಸಿರಬಹುದು, ಆದರೆ ಅವನ್ನು ಬಳಸಿದ ಮನೆಯೂ ಅದೇ ಉಳಿತಾಯವನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡರೆ ಒಂದೇ ಯೂನಿಟ್ ಎರಡು ಕಡೆ ಎಣಿಕೆಯಾಗುತ್ತದೆ. ಪ್ರತ್ಯೇಕ ಸಾಲಿನಲ್ಲಿ "ಹೊರಗೆ ಕೊಟ್ಟದ್ದು" ಎಂದು ಬರೆದಿಡಿ, ಮೊತ್ತವನ್ನು ಮುಟ್ಟಬೇಡಿ.

ಸಾಧ್ಯವಾದರೆ ಹಗಲಿನಲ್ಲಿ ಫಲಕ ಕೆಲಸ ಮಾಡುತ್ತಿರುವಾಗಲೇ ನೀರು ಕಾಯಿಸಿಕೊಳ್ಳುವಂತೆ ಗೀಸರಿಗೆ ಟೈಮರ್ ಹಾಕಿಸಿ. ಆಗ ಹೊರಗೆ ಹೋಗುವ ಯೂನಿಟ್‌ಗಳೇ ಕಡಿಮೆಯಾಗುತ್ತವೆ.

ಉತ್ತರ: ತಂಪುಯಂತ್ರ

ಎಸಿ ಬಗ್ಗೆ ಒಂದು ಮಾತು. ಗ್ಯಾಸ್ ಪೂರ್ತಿ ಖಾಲಿಯಾಗುವಷ್ಟು ಸೋರಿದೆ ಎಂದರೆ ಈ ಬೇಸಿಗೆಗೂ ಸೋರುವುದು ಖಚಿತ. ಯಂತ್ರ ಚಾಲೂ ಮಾಡುವ ಮೊದಲೇ ನೈಟ್ರೋಜನ್ ಒತ್ತಡ ಕೊಟ್ಟು ಜಂಟಿಗಳನ್ನು ಸೋಪಿನ ನೊರೆಯಿಂದ ಪರೀಕ್ಷಿಸುವಂತೆ ಹೇಳಿ. ಕೊಳವೆಯ ತುದಿಯನ್ನು ಅಗಲಿಸಿ ನಟ್ಟು ಬಿಗಿಯುವ ಜಾಗದಲ್ಲೇ ಹೆಚ್ಚಾಗಿ ಗುಳ್ಳೆ ಏಳುತ್ತದೆ. ಪರೀಕ್ಷೆಗೆ ಮುನ್ನ ಯಂತ್ರದಲ್ಲಿ ಉಳಿದಿರುವ ಗ್ಯಾಸನ್ನು ಸಿಲಿಂಡರಿಗೆ ತೆಗೆದು ತೂಕ ಮಾಡಿಸಿ, ತುಂಬಿಸುವಾಗಲೂ ತಕ್ಕಡಿಯ ಮೇಲಿಟ್ಟು ತುಂಬಿಸಿ, ಎರಡೂ ಅಂಕಿಗಳನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಮುಂದಿನ ವರ್ಷದ ಲೆಕ್ಕಕ್ಕೆ ಆ ವ್ಯತ್ಯಾಸವೇ ಸಾಕು.