ಬಾಲ್ಕನಿಯಲ್ಲಿ ರಾಷ್ಟ್ರಧ್ವಜ: ಕೋಲು ಕಟ್ಟುವುದು ಹೇಗೆ, ಅಳತೆ ಎಷ್ಟು?

ಮೂರನೇ_ಮಹಡಿ ಕೇಳಿದ್ದು:
ಆಗಸ್ಟ್ 15, ಜನವರಿ 26ಕ್ಕೆ ಅಂಗಳದ ಕಂಬಕ್ಕೆ ಧ್ವಜ ಏರಿಸುವುದು ನಮ್ಮ ಮನೆತನದ ರೂಢಿ. ಈಗ ಇರುವುದು ಬಾಲ್ಕನಿ ಗ್ರಿಲ್ ಮಾತ್ರ. ಓರೆ ಕೋಲಿಗೆ ಕಟ್ಟಿದರೆ ಕೇಸರಿ ಯಾವ ಕಡೆ ಬರಬೇಕು? ಪಾಲಿಯೆಸ್ಟರ್ ನಡೆಯುತ್ತಾ? ರಾತ್ರಿ ಇಳಿಸಲೇಬೇಕಾ? ಜೊತೆಗೆ ಕನ್ನಡ ಬಾವುಟ ಕಟ್ಟಬಹುದಾ?

ರಾಟೆ_ಹಗ್ಗ:
ಓರೆ ಕೋಲಾದರೆ ಕೇಸರಿ ಪಟ್ಟಿ ಕೋಲಿನ ಹೊರತುದಿಯ ಕಡೆಗೆ. ಗೋಡೆಗೆ ಅಡ್ಡಲಾಗಿ ಹಚ್ಚಿದರೆ ಕೇಸರಿ ಮೇಲೆ, ಉದ್ದಕ್ಕೆ ಇಳಿಬಿಟ್ಟರೆ ನೋಡುವವರ ಎಡಕ್ಕೆ. ಜನ ಹೆಚ್ಚಾಗಿ ತಪ್ಪುವುದು ಈ ಕೊನೆಯದರಲ್ಲಿ.

ಯಾವ ಅಳತೆಯಾದರೂ ಉದ್ದ-ಅಗಲ 3:2 ಇರಲೇಬೇಕು. ನಿಮಗೆ 450×300 ಮಿ.ಮೀ. ಸಾಕು. 900×600 ತಂದರೆ ಕೆಳಗಿನ ಮನೆಯವರ ಬಟ್ಟೆ ತಂತಿಗೋ ಗ್ರಿಲ್ ಚೂಪಿಗೋ ಸಿಕ್ಕಿಕೊಳ್ಳುತ್ತದೆ. ಕೋಲನ್ನು ಒಂದೇ ಕಡೆ ಬಿಗಿಯಬೇಡಿ, ಗಾಳಿಗೆ ತಿರುಗಿ ಧ್ವಜ ಕೋಲಿಗೇ ಸುತ್ತಿಕೊಳ್ಳುತ್ತದೆ. ಒಂದಡಿ ಅಂತರದಲ್ಲಿ ಎರಡು ಕ್ಲಾಂಪ್ ಹಾಕಿ. ಕೋಲಿನ ತುದಿಯಲ್ಲಿ ಸಣ್ಣ ತೂತು ಕೊರೆದು ಧ್ವಜದ ಮೇಲಿನ ಮೂಲೆಯನ್ನು ದಾರದಿಂದ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೆ ಜಾರಿ, ಶೋಕಾಚರಣೆ ನಡೆದಿದೆಯೋ ಏನೋ ಅನ್ನುವ ಹಾಗೆ ಕಾಣುತ್ತದೆ.

ಧ್ವಜಸಂಹಿತೆಗೆ (ಧ್ವಜ ಬಳಕೆಯ ಸರ್ಕಾರಿ ನಿಯಮಾವಳಿ) 2022ರ ಜುಲೈನಲ್ಲಿ ಬಂದ ತಿದ್ದುಪಡಿಯಿಂದ ಮನೆಯಲ್ಲಿ ಹಗಲು-ರಾತ್ರಿ ಹಾರಿಸಬಹುದು. ಆದರೂ ಆಗಸ್ಟ್ ಮಳೆಯಲ್ಲಿ ಸಂಜೆಗೇ ಇಳಿಸುವುದು ಒಳ್ಳೆಯದು.

ಬೆಂಗೇರಿ_ನೂಲು:
ಪಾಲಿಯೆಸ್ಟರ್, ಮಷಿನ್ ಬಟ್ಟಿಗೆ 2021ರ ಡಿಸೆಂಬರ್‌ದಾಗ ಒಪ್ಪಿಗೆ ಸಿಕ್ಕೈತಿ, ತಕರಾರಿಲ್ಲ. ಆದ್ರ ನನ್ನ ಕೇಳಿದ್ರ ಹುಬ್ಬಳ್ಳಿ ಬೆಂಗೇರಿಯ ಖಾದಿ ಧ್ವಜಾನ ತಗೋರಿ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಮಾನದಂಡದ ಪ್ರಕಾರ ಬಣ್ಣ, ನೂಲು, ಹೊಲಿಗಿ ಎಲ್ಲಾ ಪರೀಕ್ಷೆ ಆಗಿರ್ತೈತಿ. ಎಲ್ಲೇ ತಗೊಂಡ್ರೂ ಚಕ್ರ ಎರಡೂ ಮಗ್ಗಲಿಗೆ ಮೂಡೈತೇನು, 24 ಕಡ್ಡಿ ಅದಾವೇನು ನೋಡ್ರಿ. ಅಗ್ಗದವು ಇಲ್ಲೇ ಸಿಕ್ಕಿಬೀಳ್ತಾವ.

ಖಾದಿಗೆ ಒಂದ ತೊಂದ್ರಿ: ಮಳಿ ನೀರು ಕುಡದು ಭಾರ ಆಗಿ ಜೋತುಬೀಳತೈತಿ, ಹಸಿ ಇದ್ದಾಗ ಮಡಚಿಟ್ರ ಬೂಸ್ಟು ಹಿಡೀತೈತಿ. ನೆರಳಾಗ ಪೂರ್ತಿ ಒಣಗಿಸ್ರಿ. ಕೇಸರಿ, ಹಸಿರು ಎರಡನ್ನೂ ಬಿಳಿ ಪಟ್ಟಿಯ ಹಿಂದಕ್ಕ ಮಡಚಿ, ಆಮ್ಯಾಲೆ ಎರಡೂ ಬದಿಯಿಂದ ನಡುವಿಗೆ ತರ್ರಿ. ಚಕ್ರ ಮ್ಯಾಲೆ ಕಾಣಬೇಕು.

ಹೊಲಿಗೆ_ಅಂಚು:
ಕನ್ನಡ ಬಾವುಟ ಅದೇ ಕೋಲಿಗೆ ಬೇಡ, ಪಕ್ಕದಲ್ಲಿ ಸರಿಸಮಕ್ಕೂ ಬೇಡ. ಬೇರೆ ಕಿಟಕಿಗೆ, ತಗ್ಗಿನಲ್ಲಿ ಕಟ್ಟಿ. ನವೆಂಬರ್ 1ಕ್ಕೆ ಅದಕ್ಕೇ ಇಡೀ ಬಾಲ್ಕನಿ ಇದೆಯಲ್ಲ! ಕೋಲಿನ ತುದಿಗೆ ಹೂಮಾಲೆಯೂ ಕೂಡದು.

ಮೊದಲು ಎಳೆ ಬಿಡುವುದು ಗಾಳಿಗೆ ಬಡಿಯುವ ಹೊರ ಅಂಚು. ಅಷ್ಟನ್ನು ಕತ್ತರಿಸಿ ಹೊಲಿದರೆ 3:2 ಕೆಡುತ್ತದೆ, ಚಕ್ರವೂ ನಡುವಿನಲ್ಲಿ ಉಳಿಯುವುದಿಲ್ಲ. ಹರಿದದ್ದನ್ನು ಹಾರಿಸುವಂತಿಲ್ಲ. ಧ್ವಜಸಂಹಿತೆ ಹೇಳುವಂತೆ ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಗೌರವಕ್ಕೆ ಕುಂದಾಗದ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಬೇಕು. ಪಾಲಿಯೆಸ್ಟರ್ ಸುಟ್ಟರೆ ಕರಗಿ ತೊಟ್ಟಿಕ್ಕುತ್ತದೆ, ಹೊಗೆಯೂ ಕೆಟ್ಟದ್ದು. ಅದನ್ನು ಬಾಲ್ಕನಿಯಲ್ಲಿ ಮಾಡಬೇಡಿ. ಮಡಚಿ ಪೆಟ್ಟಿಗೆಯಲ್ಲಿಟ್ಟು ಹೂಳುವುದು ವಾಸಿ.