ಪದಚರ್ಚೆ: ತಳವಿಲ್ಲದ ಕೋಳಿಗೂಡಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ವಸ್ತು ಇದು: ಹಿತ್ತಲಿನಲ್ಲಿ ಆರೆಂಟು ಕೋಳಿಗಳು ಹಗಲು ಹೊತ್ತು ಓಡಾಡಿಕೊಂಡಿರಲಿ ಅಂತ ಕಟ್ಟುವ ಜಾಲರಿಯ ಕಟ್ಟು. ನಾಲ್ಕು ಕಡೆ ಜಾಲರಿ, ಮೇಲೂ ಜಾಲರಿ. ಕೆಳಗೆ ಮಾತ್ರ ಏನೂ ಇಲ್ಲ, ಬರಿ ನೆಲ. ಕೋಳಿ ಆ ನೆಲವನ್ನೇ ಕೆದಕಬೇಕು, ಹುಳ ಹೆಕ್ಕಬೇಕು, ಮಣ್ಣಿನಲ್ಲಿ ಹೊರಳಬೇಕು. ರಾತ್ರಿ ಮಲಗುವುದು ಬೇರೆ ಕಡೆ. ಇಂಗ್ಲಿಷಿನವರು ಹಗಲಿನ ಜಾಗಕ್ಕೆ ರನ್ ಅಥವಾ ಪೆನ್ ಅನ್ನುತ್ತಾರೆ, ರಾತ್ರಿಯದಕ್ಕೆ ಕೂಪ್ ಅನ್ನುತ್ತಾರೆ. ನಾವು ಎರಡಕ್ಕೂ ಗೂಡು ಅಂದುಬಿಡುತ್ತೇವೆ.

ಈ ತಲೆನೋವು ಶುರುವಾಗಿದ್ದು ಒಂದು ಕರಪತ್ರದಿಂದ. ನಮ್ಮದು ಶಿರಾ ತಾಲ್ಲೂಕಿನ ಹಳ್ಳಿ. ಇಲ್ಲಿನ ಸ್ವಸಹಾಯ ಸಂಘದ ಹೆಂಗಸರು ಗಿರಿರಾಜ ಮರಿ ತಂದು ಸಾಕುತ್ತಿದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ತಯಾರಾದ ತಳಿ ಅದು. ಅವರಿಗಾಗಿ ಎರಡು ಪುಟ ಬರೆದುಕೊಡಿ ಅಂದರು. ನಾನು ಬರೆದೆ: 'ಗೂಡಿಗೆ ತಳ ಬೇಡ. ಒಂದು ಕೋಳಿಗೆ 10 ಚದರ ಜಾಗ ಬಿಡಿ.' ಅಡಿ ಅನ್ನುವ ಪದ ಕೈತಪ್ಪಿ ಬಿಟ್ಟುಹೋಗಿತ್ತು. ಪಕ್ಕದ ಮನೆಯ ಅಕ್ಕ ಓದಿ ನಗಾಡಿದ್ದೇ ನಗಾಡಿದ್ದು. 'ಒಂದ್ ಕೋಳಿಗೆ ಹತ್ತು ಚದರವಾ? ನಮ್ ಮನೇನೇ ಆರು ಚದರ ಕಣಪ್ಪ!' ನಮ್ಮ ಕಡೆ ಮನೆ ಕಟ್ಟುವವರ ಬಾಯಲ್ಲಿ ಒಂದು ಚದರ ಅಂದರೆ ನೂರು ಚದರ ಅಡಿ ಅಲ್ವಾ. ಅದು ನನ್ನ ತಪ್ಪು, ತಿದ್ದಿದೆ. ಆದರೆ ಅಕ್ಕ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. 'ತಳ ಇಲ್ದಿದ್ರೆ ಅದ್ಯಾವ್ ಗೂಡು? ಗೂಡಂದ್ರೆ ರಾತ್ರಿಗೆ. ಹಗಲೊತ್ನಾಗೆ ಯಾವ್ ಕೋಳಿ ಗೂಡ್ನಾಗಿರುತ್ತೆ?'

ಯೋಚನೆ ಮಾಡಿದಷ್ಟೂ ಅಕ್ಕ ಹೇಳಿದ್ದೇ ಸರಿ ಅನ್ನಿಸಿತು. ಗೂಡು ಸೇರುವ ಪದಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ. ಹಕ್ಕಿಗೂಡು, ಜೇನುಗೂಡು, ಎದೆಗೂಡು, ಗೂಡುದೀಪ, ಗೂಡಂಗಡಿ. ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು. ಹಳೇ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡು. ಯಾವುದೂ ಬಯಲಲ್ಲ. ಎಲ್ಲವೂ ಸುತ್ತ ಮುಚ್ಚಿಕೊಂಡು ಒಳಗೊಂದು ಪೊಳ್ಳು ಇರುವಂಥವು. ನಮ್ಮ ಅಜ್ಜಿಯ ಮನೆಯಲ್ಲಿ ಕೋಳಿಗೂಡು ಇದ್ದದ್ದು ಜಗುಲಿಯ ಹೊಟ್ಟೆಯಲ್ಲಿ. ಕಲ್ಲುಚಪ್ಪಡಿಯ ಕೆಳಗೆ ಒಂದು ಕತ್ತಲೆ ಪೊಟರೆ, ಅದಕ್ಕೊಂದು ಬಾಯಿ. ಸಂಜೆ ಕೋಳಿಗಳು ತಾವಾಗಿ ಒಳಗೆ ಹೋಗುತ್ತಿದ್ದವು, ಅಜ್ಜಿ ಬಾಯಿಗೆ ಚಪ್ಪಡಿ ಒರಗಿಸುತ್ತಿದ್ದರು. ಗೂಡಿಗೆ ಬಾಗಿಲು ಅನ್ನುವುದಕ್ಕಿಂತ ಬಾಯಿ ಅನ್ನುವುದೇ ಜಾಸ್ತಿ, ಗಮನಿಸಿದ್ದೀರಾ? ತಮಿಳಿನಲ್ಲಿ ಇದು ಕೂಡು, ತೆಲುಗಿನಲ್ಲೂ ತುಳುವಿನಲ್ಲೂ ಗೂಡು. ಅಲ್ಲೆಲ್ಲ ಹಕ್ಕಿಯ ಗೂಡಿಗೂ ಇದೇ ಪದ.

ಹಾಗಾಗಿ 'ತಳವಿಲ್ಲದ ಗೂಡು' ಅಂದಾಗ ಓದುವವರ ಕಣ್ಣಿಗೆ ಕಾಣುವುದು ತಳ ಕಿತ್ತುಹೋದ ಪೆಟ್ಟಿಗೆ. 'ನೆಲಗೂಡು' ಅಂತ ಒಬ್ಬ ಸ್ನೇಹಿತರು ಸೂಚಿಸಿದರು. ಅದು ಕೇಳಿದರೆ ಇಲಿಯೋ ಹೆಗ್ಗಣವೋ ನೆಲದೊಳಗೆ ತೋಡಿಕೊಂಡ ಬಿಲ ಅನ್ನಿಸುತ್ತದೆ. ಬೇಡ.

ಹಾಗಾದರೆ ಬಯಲಿಗೆ ಬೇಲಿ ಹಾಕಿದ ಜಾಗಕ್ಕೆ ನಮ್ಮಲ್ಲಿ ಪದಗಳಿಲ್ಲವಾ? ಬೇಕಾದಷ್ಟಿವೆ. ಆದರೆ ಒಂದೂ ಕೋಳಿಯದಲ್ಲ.

ನಮ್ಮ ಕಡೆ ಮೊದಲು ಬಾಯಿಗೆ ಬರುವುದು ರೊಪ್ಪ. ಜಾಲಿಮುಳ್ಳು ಸುತ್ತ ಎಳೆದು, ಒಂದು ಕಡೆ ತಡಿಕೆ ಇಟ್ಟರೆ ಕುರಿ ರೊಪ್ಪ. ಮೇಲೆ ಸೂರಿಲ್ಲ, ಕೆಳಗೆ ನೆಲವೇ. ರೂಪದಲ್ಲಿ ನನಗೆ ಬೇಕಾದ್ದು ಇದೇ. ಪಾವಗಡದ ಹತ್ತಿರ ರೊಪ್ಪ ಅನ್ನುವ ಊರೇ ಇದೆ. ಆದರೆ ತೊಡಕು ಹೊತ್ತಿನದು. ಕುರಿ ಹಗಲು ಬಯಲಲ್ಲಿ ಮೇಯುತ್ತದೆ, ರಾತ್ರಿ ರೊಪ್ಪ ಸೇರುತ್ತದೆ. ನಮ್ಮ ಕೋಳಿಯದು ತಿರುಗಾಮುರುಗಾ: ಹಗಲು ಇದರೊಳಗೆ, ರಾತ್ರಿ ಗೂಡಿಗೆ. 'ಕೋಳಿಗಳನ್ನು ರೊಪ್ಪಕ್ಕೆ ಬಿಡಿ' ಅಂತ ಬರೆದರೆ ಯಾರಾದರೂ ರಾತ್ರಿ ಅಲ್ಲೇ ಬಿಟ್ಟುಬಿಟ್ಟಾರು. ಬೆಳಗ್ಗೆ ಎದ್ದರೆ ಕಾಡುಬೆಕ್ಕು ಲೆಕ್ಕ ಮುಗಿಸಿರುತ್ತದೆ.

ದೊಡ್ಡಿಯೂ ಒಳ್ಳೇ ಪದವೇ. ರಾಮನಗರ, ಕನಕಪುರದ ಕಡೆ ದೊಡ್ಡಿ ಅಂತ ಮುಗಿಯುವ ಊರಿನ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಆದರೆ ಈಗ ದೊಡ್ಡಿ ಅಂದ ಕೂಡಲೇ ನೆನಪಾಗುವುದು ಪುಂಡುದನ ಹಿಡಿದು ಕೂಡಿ, ದಂಡ ಕಟ್ಟಿಸಿಕೊಂಡು ಬಿಡುವ ಜಾಗ. 1871ರ ದನಗಳ ಅತಿಕ್ರಮ ಕಾಯ್ದೆ ಆ ಪದಕ್ಕೆ ಪೊಲೀಸು ಠಾಣೆಯ ವಾಸನೆ ಹಚ್ಚಿಬಿಟ್ಟಿದೆ. ಕೋಳಿ ಏನು ತಪ್ಪು ಮಾಡಿದೆ ಪಾಪ.

ಹಟ್ಟಿಯ ಸಹವಾಸವೇ ಬೇಡ. ಕುಂದಾಪುರದವರಿಗೆ ದನದ ಕೊಟ್ಟಿಗೆ, ಮಂಡ್ಯ ಮೈಸೂರಿನ ಹಳ್ಳಿಗಳಲ್ಲಿ ಮನೆ, ನಮ್ಮಲ್ಲಿ ಚಿತ್ರದುರ್ಗದ ತನಕ ಗೊಲ್ಲರಹಟ್ಟಿ ಅಂದರೆ ಊರು, ರಾಯಚೂರಿಗೆ ಹೋದರೆ ಚಿನ್ನದ ಗಣಿ. ಒಂದು ಕರಪತ್ರ ಇಷ್ಟೆಲ್ಲ ಹೊರಲಾರದು.

ಇನ್ನು ಈ ತಳವಿಲ್ಲದ ಜಾಲರಿಯಲ್ಲೇ ಒಂದು ಜಾತಿ ಇದೆ. ಹಗುರ ಚೌಕಟ್ಟಿಗೆ ಜಾಲರಿ ಹೊಡೆದು, ಅದನ್ನು ದಿನವೂ ನಾಲ್ಕಡಿ ಮುಂದಕ್ಕೆ ಎಳೆಯುವುದು. ಇವತ್ತು ಇಲ್ಲಿ ಕೆದಕಿ ಹಿಕ್ಕೆ ಹಾಕಿದರೆ ನಾಳೆ ಹೊಸ ಹುಲ್ಲು. ನೆಲಕ್ಕೆ ಗೊಬ್ಬರವೂ ಆಯಿತು, ಒಂದೇ ಕಡೆ ಹಿಕ್ಕೆ ಕೂತು ಒದ್ದೆಯಾಗಿ ಮರಿಗಳಿಗೆ ರಕ್ತಭೇದಿ ಬರುವುದೂ ಕಡಿಮೆಯಾಯಿತು. ಅಮೆರಿಕದವರು ಇದಕ್ಕೆ ಚಿಕನ್ ಟ್ರ್ಯಾಕ್ಟರ್ ಅಂತ ಹೆಸರಿಟ್ಟಿದ್ದಾರೆ. ಅದನ್ನು ಹಾಗೇ 'ಕೋಳಿ ಟ್ರ್ಯಾಕ್ಟರ್' ಮಾಡಿದೆ. ಸಂಘದ ಸಭೆಯಲ್ಲಿ ಓದಿದಾಗ ಒಬ್ಬರು ಎದ್ದು ಕೇಳಿದರು, 'ಸಂತೆಗೆ ಕೋಳಿ ತಗಂಡೋಗಕ್ಕೆ ಟ್ರ್ಯಾಕ್ಟ್ರು ಕೊಡ್ತಾರಂತಾ? ಸಬ್ಸಿಡಿ ಎಷ್ಟು?' ಆವತ್ತೇ ಆ ಪದಕ್ಕೆ ಕೆಂಪುಗೀಟು ಹಾಕಿದೆ.

'ಕೋಳಿಕುಂಟೆ' ಅಂದರೆ ಹೇಗೆ ಅಂತಲೂ ಒಂದು ದಿನ ಖುಷಿಪಟ್ಟೆ. ಕುಂಟೆ ಮೇಲುಮಣ್ಣು ಕೆರೆಯುತ್ತದೆ, ಕೋಳಿಯೂ ಕೆರೆಯುತ್ತದೆ. ಆದರೆ ಕೇಳಿದವರಿಗೆ ಕುಂಟುವ ಕೋಳಿ ಕಾಣಿಸಿತು. ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವುದಕ್ಕೆ ಉತ್ತರ ಕರ್ನಾಟಕದಲ್ಲಿ 'ಕುರಿ ತರುಬುವುದು' ಅನ್ನುತ್ತಾರೆ. ಇವತ್ತು ಈ ಹೊಲ, ನಾಳೆ ಪಕ್ಕದ್ದು. ಕೆಲಸ ಅದೇ. 'ಕೋಳಿ ತರುಬು' ಅಂದರೆ ಧಾರವಾಡ, ಗದಗದ ಕಡೆಯವರಿಗೆ ಒಪ್ಪುತ್ತದಾ? ನಗು ಬರುತ್ತದೆ ಅಂದರೂ ಪರವಾಗಿಲ್ಲ, ಹೇಳಿ.

ಇಷ್ಟೆಲ್ಲ ಸುತ್ತಾಡಿದ ಮೇಲೆ ಉತ್ತರ ಸಿಕ್ಕಿದ್ದು ಅಮ್ಮನಿಂದ. ಸಿಕ್ಕಿತು ಅನ್ನುವುದಕ್ಕಿಂತ, ಕಣ್ಣೆದುರೇ ಬಿದ್ದಿತ್ತು. ಜಾಲರಿಯ ಚೌಕಟ್ಟನ್ನು ಎಳೆದು ತೋರಿಸಿದೆ. ಅಮ್ಮ ಒಂದು ನಿಮಿಷ ನೋಡಿ, 'ಓ, ಮಂಕರಿ ಕವುಚ್ದಂಗೆ' ಅಂದರು. ಅಷ್ಟೇ.

ಮಂಕರಿ ಗೊತ್ತಲ್ವಾ? ಬಿದಿರಿನದೋ ಬೇರೆ ಕಡ್ಡಿಯದೋ ದೊಡ್ಡ ಬುಟ್ಟಿ, ತಿಪ್ಪೆಗೊಬ್ಬರ ಹೊರುವಂಥದ್ದು. ಮರಿ ಮಾಡಿದ ಹೇಟೆಯನ್ನು ಮರಿಗಳ ಸಮೇತ ಅಂಗಳದಲ್ಲಿ ಬಿಟ್ಟು, ಅದರ ಮೇಲೆ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರುತ್ತಿದ್ದರು. ಹದ್ದು ಕಾಗೆ ಮುಟ್ಟುವಂತಿಲ್ಲ. ಕಡ್ಡಿಯ ಸಂದಿನಿಂದ ಗಾಳಿ ಬೆಳಕು ಬರುತ್ತಿತ್ತು. ಒಳಗೆ ನುಚ್ಚು ಎರಚುತ್ತಿದ್ದರು. ಮಾರನೆ ದಿನ ಬೇರೆ ಜಾಗದಲ್ಲಿ ಕವುಚುತ್ತಿದ್ದರು. ತಳವಿಲ್ಲ, ಹಗಲಿಗೆ ಮಾತ್ರ, ಜಾಗ ಬದಲಾಗುತ್ತದೆ. ಅಮೆರಿಕದವರು ಚಕ್ರ ಹಾಕಿದ್ದು ಬಿಟ್ಟರೆ ಬೇರೇನಿದೆ ಹೇಳಿ. ಪಾವಗಡದ ತೆಲುಗು ಮಾತಿನ ಮನೆಗಳಲ್ಲಿ ಇದೇ ಬುಟ್ಟಿ ಗಂಪ.

ಆಮೇಲೆ ತಿಳಿದದ್ದು ಇನ್ನೂ ಮಜಾ ಇದೆ. ಇಂಗ್ಲಿಷಿನ ಕೂಪ್ ಕೂಡ ಮೊದಲು ಹೆಣೆದ ಬುಟ್ಟಿಯೇ. ಕೋಳಿಯ ಮೇಲೆ ಬುಟ್ಟಿ ಮುಚ್ಚುವುದಕ್ಕೇ ಆ ಪದ ಬಳಕೆಯಾಗುತ್ತಿತ್ತು. ಮರದ ಮನೆ ಅನ್ನುವ ಅರ್ಥ ಆಮೇಲಿನದು. ಅವರ ಬುಟ್ಟಿ ಬೆಳೆದು ಮನೆಯಾಯಿತು. ನಮ್ಮ ಮಂಕರಿ ಬುಟ್ಟಿಯಾಗೇ ಉಳಿಯಿತು, ಈಗ ಪ್ಲಾಸ್ಟಿಕ್ ಮಂಕರಿ ಬಂದು ಕೋಳಿಯಿಂದಲೇ ದೂರವಾಗುತ್ತಿದೆ.

ಹಾಗಾಗಿ ನನ್ನ ವಾದ ಇಷ್ಟು. ಗೂಡು ರಾತ್ರಿಯ ಜಾಗಕ್ಕೇ ಇರಲಿ. ಹಗಲಿನ ತಳವಿಲ್ಲದ ಜಾಲರಿಗೆ 'ಜಾಲರಿ ಮಂಕರಿ' ಅನ್ನೋಣ. ಎತ್ತಿಡುವಂಥದ್ದಾದರೆ ಇದು ಚೆನ್ನಾಗಿ ಹೊಂದುತ್ತದೆ, ಕವುಚು ಅನ್ನುವ ಕ್ರಿಯಾಪದವೂ ಜೊತೆಗೇ ಬರುತ್ತದೆ. 'ಗೂಡಿನಿಂದ ಬಿಟ್ಟು ಮಂಕರಿಗೆ ಹಾಕಿ' ಅಂದರೆ ನಮ್ಮ ಹೆಂಗಸರಿಗೆ ಮರುಮಾತಿಲ್ಲದೆ ಅರ್ಥವಾಗುತ್ತದೆ, ಕೇಳಿ ನೋಡಿದ್ದೇನೆ. ಕಂಬ ನೆಟ್ಟು ಕಟ್ಟಿದ, ಅಲ್ಲಾಡದ ಆವರಣಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ನಾನು ಕಟ್ಟಿರುವುದು ಏಳು ಕೋಳಿಗೆ 10 ಅಡಿ ಉದ್ದ, 7 ಅಡಿ ಅಗಲ. ಅದನ್ನು ಮಂಕರಿ ಅಂದರೆ ಭೀಮನ ಮನೆಯ ಮಂಕರಿ ಅನ್ನಬೇಕು. ಅದಕ್ಕೆ ಸದ್ಯ 'ಕೋಳಿಯಂಗಳ' ಅಂತ ಬರೆದಿದ್ದೇನೆ. ಅಂಗಳ ಅಂದರೆ ಹಗಲು, ಬಿಸಿಲು, ನೆಲ ಎಲ್ಲ ಬಂತು. ಬೇಲಿ ಮಾತ್ರ ಬರಲಿಲ್ಲ.

ಜೊತೆಗೆ ಸಿಕ್ಕ ಇನ್ನೊಂದು ಪದ ಹೇಳಲೇಬೇಕು. ಮುಂಗುಸಿ, ನಾಯಿ ಬೇಲಿಯ ಬುಡದಲ್ಲೇ ತೋಡಿ ನುಗ್ಗುತ್ತವೆ. ಮೊದಲ ವರ್ಷ ನನ್ನ ಮೂರು ಮರಿ ಹೋದದ್ದು ಹಾಗೇ. ಅಂಗಡಿಯವನು ಚಿಕನ್ ಮೆಶ್ ಸಾಕು ಅಂದಿದ್ದ. ಆರು ಮೂಲೆಯ ಆ ತೆಳು ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಅದನ್ನು ಬುಡದಲ್ಲಿ ಹೊರಕ್ಕೆ ಮಡಿಸಿ, ಒಂದೂವರೆ ಅಡಿ ನೆಲದ ಮೇಲೆ ಹಾಸಿ, ಕಲ್ಲು ಹೇರಿದರೆ ಮುಂಗುಸಿ ಬೇಲಿಯ ಬುಡದಲ್ಲಿ ಎಷ್ಟು ಕೆರೆದರೂ ಕೆಳಗೆ ತಂತಿಯೇ ಸಿಗುತ್ತದೆ. ಹಿಂದಕ್ಕೆ ಹೋಗಿ ತೋಡಬೇಕು ಅಂತ ಅದಕ್ಕೆ ಹೊಳೆಯುವುದು ಕಡಿಮೆ. ಇಂಗ್ಲಿಷಿನಲ್ಲಿ ಹೀಗೆ ಹಾಸಿದ ಭಾಗಕ್ಕೆ ಏಪ್ರನ್ ಅನ್ನುತ್ತಾರೆ. ನಾನು 'ತಡೆಪಟ್ಟಿ' ಅಂತ ಬರೆದಿದ್ದೆ. ಅದೇ ಅಕ್ಕ ನೋಡಿ, 'ಸೆರಗು ಹಾಸಿದೀಯ' ಅಂದರು. ಕಾಡಿನ ಸೆರಗು ಅನ್ನುತ್ತೇವಲ್ಲ, ಹಾಗೆ ಬೇಲಿಯ ಸೆರಗು. ತಡೆಪಟ್ಟಿಯನ್ನು ಅಲ್ಲೇ ಹೊಡೆದುಹಾಕಿದೆ.

'ಧೂಳುಸ್ನಾನ' ಅನ್ನುವುದನ್ನೂ ತೆಗೆದೆ. ಕೋಳಿ ಬೂದಿಯಲ್ಲಿ ಹೊರಳುತ್ತದೆ ಅಂದರೆ ಸಾಲದಾ? ಸ್ನಾನ ಅಂದ ಕೂಡಲೇ ಬಕೆಟ್ ತರುವವರೂ ಇದ್ದಾರೆ.

ಈಗ ನಿಮ್ಮನ್ನು ಕೇಳುವುದು. ಮಂಕರಿ ಪದ ಎಲ್ಲಿಯ ತನಕ ನಡೆಯುತ್ತದೆ? ಉತ್ತರ ಕರ್ನಾಟಕದಲ್ಲಿ ಕವುಚುವುದಕ್ಕೆ 'ಬುಟ್ಟಿ ಡಬ್ಬ ಹಾಕು' ಅನ್ನುವುದನ್ನು ಕೇಳಿದ್ದೇನೆ, ಜವಾರಿ ಕೋಳಿಗೂ ಹೀಗೇ ಅನ್ನುತ್ತೀರಾ? ಮಲೆನಾಡಿನವರು ಹೆಡಿಗೆ ಕವುಚುತ್ತೀರಾ, ಇಲ್ಲ ಬೇರೆ ಬುಟ್ಟಿ ಇದೆಯಾ? ಕರಾವಳಿಯವರು ಊರಕೋಳಿಯನ್ನು ಹಗಲು ಕೂಡುವ ಜಾಗಕ್ಕೆ ತುಳುವಿನಲ್ಲಾಗಲಿ ಕುಂದಗನ್ನಡದಲ್ಲಾಗಲಿ ಏನನ್ನುತ್ತೀರಿ? ಕಂಬ ನೆಟ್ಟ ಆವರಣಕ್ಕೆ ಕೋಳಿಯಂಗಳಕ್ಕಿಂತ ಒಳ್ಳೇ ಹೆಸರು ನಿಮ್ಮ ಅಜ್ಜಿಯ ಬಾಯಲ್ಲಿ ಇತ್ತಾ? ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.

ಮಂಕರಿ ಕವುಚಿದ ಮೇಲೆ ಅದರ ಮೇಲೆ ಹೇರುವ ಆ ಕಲ್ಲಿಗೂ ಒಂದು ಹೆಸರು ಇದ್ದಿರಬೇಕು. ಅಮ್ಮನನ್ನು ಕೇಳಿದೆ. 'ಕಲ್ಲು' ಅಂದರು.